ತಕ್ಕದ್ದು, ಬಹುದು

ಜಿನೀವಾದಲ್ಲಿ ಫೆಬ್ರವರಿ. ಸರೋವರದ ಮೇಲಿಂದ ನುಗ್ಗುವ ಗಾಳಿಗೆ
ಇಲ್ಲಿಯವರು ಬೀಸ್ ಅನ್ನುತ್ತಾರೆ;
ನಮ್ಮ ಬೀಸು ಎಂಬ ಕ್ರಿಯಾಪದವೇ
ಕೊಡೆ ಮುರಿದುಕೊಂಡು ಇಷ್ಟು ದೂರ ಬಂದಂತೆ.

ಹದಿನೇಳನೆಯ ಕೊಠಡಿಯಲ್ಲಿ ಝೌರೆ ಬೈಗಾಲಿಯೆವಾ
ಮೂರು ಬಣ್ಣದ ಪೆನ್ಸಿಲು ಚೂಪು ಮಾಡಿಕೊಂಡು ಕೂತಿದ್ದಾಳೆ.
ಮುಂದೆ ಕರಡು ಒಪ್ಪಂದ, ನಲವತ್ತೊಂದು ಪುಟ.
ಎಲ್ಲರೂ ಒಪ್ಪದ ಪದಕ್ಕೆ ಎಡಕ್ಕೊಂದು ಬಲಕ್ಕೊಂದು ಗೋಡೆ,
ಚೌಕ ಆವರಣ.
ಒಂಬತ್ತನೆಯ ವಿಧಿಯಲ್ಲಿ ಎರಡು ಪದ ಅಕ್ಕಪಕ್ಕದ ಸೆರೆಯಲ್ಲಿ:
ತಪಾಸಣೆಗೆ ಬಿಡತಕ್ಕದ್ದು,
ತಪಾಸಣೆಗೆ ಬಿಡಬಹುದು.

ಹನ್ನೊಂದು ವರ್ಷ.
ಅಷ್ಟರಲ್ಲಿ ಮೂವರು ಅಧ್ಯಕ್ಷರು ನಿವೃತ್ತರಾದರು,
ಒಬ್ಬ ದುಭಾಷಿಯ ಮೊಮ್ಮಗಳು ಹುಟ್ಟಿ, ಶಾಲೆಗೂ ಹೋದಳು.
ಹೊರಗೆ ಉದ್ಯಾನದ ನವಿಲು ಹಿಮದಲ್ಲಿ ನಿಂತು
ಒಳಗಿನ ಭಾಷಣಗಳ ನಡುವೆ ಕಿರುಚಿ
ಯಾವ ನಡಾವಳಿಯಲ್ಲೂ ದಾಖಲಾಗದೆ ಹೋಯಿತು.
ತಕ್ಕದ್ದು ಬಹುದನ್ನು ದಾಟಲಿಲ್ಲ.

ಅವಳನ್ನು ಓದಿದವರಿಗೆ ಗೊತ್ತು: ಅಡಿಟಿಪ್ಪಣಿ ಉದ್ದ, ವಾಕ್ಯ ತಣ್ಣಗೆ.
ನಾನೂರು ಪುಟದಲ್ಲಿ ‘ನಾನು’ ಒಂದು ಸಲವೂ ಬರುವುದಿಲ್ಲ.
ಸೆಂಟ್ರಿಫ್ಯೂಜುಗಳ ಲೆಕ್ಕ, ಒಡೆದ ಮೊಹರಿನ ಲೆಕ್ಕ,
ಕ್ಯಾಮೆರಾ ಕಣ್ಣು ಮುಚ್ಚಿದ ತಾಸುಗಳ ಲೆಕ್ಕ.
ಪರಸ್ಪರ ನಂಬಿಕೆ ಎಂದು ಯಾರಾದರೂ ಶುರುಮಾಡಿದರೆ
‘ಎಷ್ಟು ಕಿಲೋ?’ ಎಂದು ಕೇಳುವವಳು.

ಲೆಕ್ಕ ಶುರುವಾದದ್ದು ಮಾತ್ರ ವಿಶ್ವವಿದ್ಯಾಲಯದಲ್ಲಲ್ಲ.
ಸೆಮೆಯ್ ಪಟ್ಟಣದಾಚೆಯ ಹುಲ್ಲುಬಯಲು, ಏಳು ವರ್ಷದ ಹುಡುಗಿ,
ಗೋಡೆಗೂಡಿನಲ್ಲಿ ಅತ್ತೆ ಜೋಡಿಸಿಟ್ಟ ಆರು ಚಹಾ ಬಟ್ಟಲು.
ಯಾರೂ ಮುಟ್ಟದೆ ಅವು ಕಣಕಣ ಅನ್ನುವವು.
ನಾಯಿ ಮಂಚದಡಿ ಸೇರುವುದು. ತೂಗುದೀಪ ತೊಟ್ಟಿಲಾಗುವುದು.
‘ಸೈನಿಕರು ನೆಲ ಉಳುತ್ತಿದ್ದಾರೆ’ ಅನ್ನುವಳು ಅತ್ತೆ
ಚಹಾಕ್ಕೆ ಉಪ್ಪು ಹಾಕುತ್ತ. ಮುಂದೆ ಮಾತಿಲ್ಲ.
ಹುಡುಗಿ ಬಾಗಿಲ ಚೌಕಟ್ಟಿನ ಮೇಲೆ ಇದ್ದಿಲ ಗೀಟು ಎಳೆಯುವಳು.
ಒಂದು. ಇನ್ನೊಂದು. ಆ ಚಳಿಗಾಲಕ್ಕೆ ನಾಲ್ಕು.

ಎಷ್ಟೋ ವರ್ಷದ ಮೇಲೆ, ಬೇರೆ ದೇಶದ ಗ್ರಂಥಾಲಯದಲ್ಲಿ,
ಹಳೆಯ ಕಂಪನಮಾಪಕದ ಸುರುಳಿ ಬಿಚ್ಚಿದಾಗ
ಅದೇ ನಾಲ್ಕು ಸಿಕ್ಕವು.
ದೀಪ ಆರಿಸುವವನು ಬಂದು ಕೆಮ್ಮುವವರೆಗೂ ಕೂತೇ ಇದ್ದಳಂತೆ.
ಇದು ಯಾವ ಅಡಿಟಿಪ್ಪಣಿಯಲ್ಲೂ ಇಲ್ಲ.

ಇಂದು ಮಧ್ಯಾಹ್ನ, ಊಟ ತಡವಾಯಿತೆಂದು
ಎಲ್ಲರೂ ಗಡಿಯಾರ ನೋಡುತ್ತಿದ್ದಾಗ,
ಹನ್ನೊಂದು ವರ್ಷ ತಲೆ ಅಲ್ಲಾಡಿಸಿದ ನಿಯೋಗದ ಮುದುಕ
ಕನ್ನಡಕ ಒರೆಸಿಕೊಂಡು ಹೇಳಿದ: ‘ನಮ್ಮ ಆಕ್ಷೇಪ ಇಲ್ಲ.’
ಕಿವಿಯೊಳಗೆ ದುಭಾಷಿಯ ದನಿ ಅರೆಗಳಿಗೆ ತಡವರಿಸಿತು.
ಯಾಕೆ ಒಪ್ಪಿದ? ಮೇಲಿನ ಅಪ್ಪಣೆಯೋ, ಬೇಸರವೋ, ಹಸಿವೋ.
ಸಂಶೋಧನೆಯ ಕೈಗೆ ಸಿಗದ ಸಂಗತಿಗಳೂ ಇವೆ.

ಅವಳು ಕೆಂಪು ಪೆನ್ಸಿಲಿನಲ್ಲಿ ಬಹುದನ್ನು ಹೊಡೆದಳು.
ತಕ್ಕದ್ದರ ಸುತ್ತ ತಾನೇ ಗೀಚಿದ್ದ ಗೋಡೆಗಳನ್ನು ಅಳಿಸಿ
ರಬ್ಬರಿನ ಹೊಟ್ಟು ಊದಿದಳು.
ಚಪ್ಪಾಳೆ ಇಲ್ಲ. ಮುಂದೆ ಹತ್ತನೆಯ ವಿಧಿ.

ಸಂಜೆ ಟ್ರಾಮ್ ನಿಲ್ದಾಣದಲ್ಲಿ, ಕೈಗವಸು ಹಲ್ಲಲ್ಲಿ ಕಚ್ಚಿ ತೆಗೆದು
ಅತ್ತೆಗೆ ಫೋನು. ಅಲ್ಲಿ ಆಗಲೇ ಮಲಗುವ ಹೊತ್ತು.
‘ಇವತ್ತು ಏನು ಕೆಲಸ ಮಾಡಿದೆ?’
‘ಒಂದು ಪದವನ್ನು ದೊಡ್ಡಿಯಿಂದ ಹೊರಗೆ ಬಿಟ್ಟೆ.’
ಎಂಬತ್ತು ದಾಟಿದ ಕುರಿಗಾಹಿ ಯೋಚಿಸಿದಳು.
‘ಹೊರಗೆ ತೋಳ ಇದೆಯಾ?’
‘ಇದೆ. ಒಂಬತ್ತು.’
‘ಮತ್ತೆ ಯಾಕೆ ಬಿಟ್ಟೆ?’
‘ಅದು ಕುರಿಯಲ್ಲ ಅತ್ತೆ, ನಾಯಿ.’
‘ಬೆಳೆದದ್ದೋ?’
‘ಮರಿ.’

ಆಚೆ ಸ್ವಲ್ಪ ಹೊತ್ತು ಬರೀ ಗಾಳಿ. ಆಮೇಲೆ
ಕಣ್ ಎಂದಿತು ಒಂದು ಬಟ್ಟಲು.
ಅವಳ ಬೆರಳು ತಾನಾಗಿ ಪೆನ್ಸಿಲಿಗೆ ಜೇಬು ತಡಕಿದವು.
‘ನಾನೇ ಕಣೆ’ ಎಂದಳು ಅತ್ತೆ,
‘ತೊಳೆದಿಡುತ್ತಿದ್ದೇನೆ.’